ಕಮ್ಮಟದ ದೋಷವೋ, ಕೈಬದಲಿನ ಗಾಯವೋ: ನಾಣ್ಯದ ಮೇಲಿನ ಅಸಹಜ ಗುರುತುಗಳ ಚರ್ಚೆ

ನಾಣ್ಯವೊಂದರ ಅಕ್ಷರಗಳು ಎರಡೆರಡಾಗಿ ಕಾಣುವುದು, ಅಂಚಿನ ಒಂದು ತುಣುಕು ಅರ್ಧಚಂದ್ರಾಕಾರವಾಗಿ ಇಲ್ಲದಿರುವುದು, ಚಿತ್ರ ಒಂದು ಬದಿಗೆ ಸರಿದಿರುವುದು, ಲೋಹದ ಬಣ್ಣವೇ ಬೇರೆಯಾಗಿರುವುದು, ಇವೆಲ್ಲ ಬರಿಗಣ್ಣಿಗೆ ಒಂದೇ ಬಗೆಯ ವೈಚಿತ್ರ್ಯಗಳಾಗಿ ತೋರಿದರೂ ನಾಣ್ಯಶಾಸ್ತ್ರದ ದೃಷ್ಟಿಯಲ್ಲಿ ಅವು ಎರಡು ಬೇರೆ ಕುಲಗಳಿಗೆ ಸೇರಿದವು. ನಾಣ್ಯ ತಯಾರಾಗುವಾಗಲೇ ಟಂಕಸಾಲೆಯೊಳಗೆ ನಡೆದುಹೋದ ತಪ್ಪು ಒಂದು ಕುಲ. ನಾಣ್ಯ ಪೂರ್ಣಗೊಂಡ ಬಳಿಕ ಜೇಬು, ಗಲ್ಲಾಪೆಟ್ಟಿಗೆ, ರಸ್ತೆ, ಯಂತ್ರ ಅಥವಾ ಮನುಷ್ಯರ ಕೈಯಿಂದ ಅದಕ್ಕಾದ ಹಾನಿ ಇನ್ನೊಂದು. ಮೊದಲನೆಯದನ್ನು ಇಲ್ಲಿ ಟಂಕದೋಷವೆಂದು ಕರೆಯಲಾಗಿದೆ. ಸಂಗ್ರಾಹಕರ ಮಾತಿನಲ್ಲಿ ಅದು ‘ಎರರ್ ಕಾಯಿನ್’.

ಇವೆರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಹವ್ಯಾಸಿಗಳ ಕೌತುಕಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಟಂಕದೋಷವು ಕಳೆದುಹೋದ ಕಮ್ಮಟವೊಂದರ ಕೆಲಸದ ರೀತಿಗೆ ನೇರ ಸಾಕ್ಷಿಯಾದ್ದರಿಂದ, ಹಾನಿಯನ್ನು ದೋಷವೆಂದು ಓದಿದ ಇತಿಹಾಸಕಾರನು ಅಲ್ಲಿ ನಡೆಯದೇ ಇದ್ದ ಪ್ರಕ್ರಿಯೆಯನ್ನು ಕಲ್ಪಿಸಿಕೊಳ್ಳುತ್ತಾನೆ. ಸಾಮಾನ್ಯ ಜನರ ಪಾಲಿಗಂತೂ ಅಪಾಯ ಇನ್ನೂ ಹತ್ತಿರದ್ದು: ಹಳೆಯ ನೋಟು ನಾಣ್ಯಗಳ ಖರೀದಿಯ ಹೆಸರಿನಲ್ಲಿ, ತನ್ನ ಹೆಸರು ಮತ್ತು ಲಾಂಛನವನ್ನೂ ಬಳಸಿಕೊಂಡು ನಡೆಯುತ್ತಿದ್ದ ವಂಚನೆಗಳ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ನೀಡಬೇಕಾಯಿತು. ಕೈಯಲ್ಲಿರುವ ನಜ್ಜುಗುಜ್ಜಾದ ರೂಪಾಯಿಗೆ ಲಕ್ಷದ ಬೆಲೆಯಿದೆಯೆಂದು ನಂಬಿಸುವುದು ಸುಲಭವಾಗಿರುವುದು, ಆ ಗುರುತು ಯಾವ ಹಂತದಲ್ಲಿ ಬಿತ್ತು ಎಂದು ಕೇಳುವ ರೂಢಿ ಇಲ್ಲದಿರುವುದರಿಂದಲೇ.

ಸುತ್ತಿಗೆಯಿಂದ ಉಗಿಯಂತ್ರದವರೆಗೆ

ನಾಣ್ಯವನ್ನು ಪರೀಕ್ಷಿಸುವ ಕಸುಬು ಭಾರತದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ನಾಣ್ಯ ಮಾಡಿಸುವ ಲಕ್ಷಣಾಧ್ಯಕ್ಷನನ್ನೂ ಚಲಾವಣೆಯ ನಾಣ್ಯವನ್ನು ಪರೀಕ್ಷಿಸುವ ರೂಪದರ್ಶಕನನ್ನೂ ಬೇರೆಬೇರೆ ಅಧಿಕಾರಿಗಳಾಗಿ ಹೆಸರಿಸುತ್ತದೆ. ಆದರೆ ಅಂದಿನ ಪರೀಕ್ಷಕನ ಗಮನವಿದ್ದದ್ದು ತೂಕ ಮತ್ತು ಲೋಹದ ಶುದ್ಧಿಯ ಮೇಲೆ. ಚಿತ್ರ ಓರೆಯಾಗಿ ಬಿದ್ದಿದೆಯೇ ಎಂಬುದು ಅವನಿಗೆ ಮುಖ್ಯವಾಗಬೇಕಾದ ಕಾರಣವಿರಲಿಲ್ಲ. ಕೈಯಿಂದ ಹೊಡೆದ ನಾಣ್ಯದಲ್ಲಿ ಪ್ರತಿಯೊಂದು ಹೊಡೆತವೂ ತುಸು ಬೇರೆ. ಕಲ್ಯಾಣದ ಚಾಲುಕ್ಯರ ಕಾಲದ ಚಿನ್ನದ ನಾಣ್ಯಗಳಲ್ಲಿ ಹಲವು ಬಿಡಿ ಮುದ್ರೆಗಳನ್ನು ಒಂದೊಂದಾಗಿ ಒತ್ತುತ್ತಿದ್ದುದರಿಂದ ಮುದ್ರೆಗಳು ಒಂದರ ಮೇಲೊಂದು ಹಾಯುವುದೂ ಬಿಲ್ಲೆಯು ಬಟ್ಟಲಿನಂತೆ ತಗ್ಗಾಗುವುದೂ ಆ ವಿಧಾನದ ಸಹಜ ಫಲ. ಲೊಕ್ಕಿ ಗದ್ಯಾಣಕ್ಕೆ ಹೆಸರಾದ ಲಕ್ಕುಂಡಿಯಂಥ ಕಮ್ಮಟಗಳ ಕಾಲದ ನಾಣ್ಯವನ್ನು ಇಂದಿನ ಅಳತೆಗೋಲಿನಿಂದ ‘ದೋಷಯುಕ್ತ’ವೆಂದರೆ ತಪ್ಪಾಗುವುದು ಅಳೆಯುವವನಿಗೆ. ಮೊಘಲರ ರೂಪಾಯಿಗಳಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದು, ಪ್ರತಿಯೊಂದು ನಾಣ್ಯದ ಮೇಲೂ ಬರಹದ ಒಂದು ಭಾಗ ಮಾತ್ರ ಮೂಡಿರುವುದೂ ಇದೇ ಬಗೆಯದು.

ಟಿಪ್ಪು ಸುಲ್ತಾನನ ನಾಣ್ಯಗಳು ಈ ಎಚ್ಚರಿಕೆಗೆ ಒಳ್ಳೆಯ ನಿದರ್ಶನ. 1787ರ ಸುಮಾರಿಗೆ ಅವನು ಮೌಲೂದಿ ಶಕೆಯನ್ನು ಬಳಕೆಗೆ ತಂದಾಗ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು; ಅವನ ತಾಮ್ರದ ಕಾಸುಗಳ ಆನೆ ಕೆಲವದರಲ್ಲಿ ಎಡಕ್ಕೂ ಕೆಲವದರಲ್ಲಿ ಬಲಕ್ಕೂ ಮುಖ ಮಾಡಿದೆ. ಇವನ್ನು ಅಚ್ಚು ಕೆತ್ತಿದವನ ತಪ್ಪೆಂದು ತಿಳಿದವನು ಆಡಳಿತದ ನಿರ್ಧಾರವೊಂದನ್ನು ಕುಶಲಕರ್ಮಿಯ ಅಜ್ಞಾನವೆಂದು ಓದಿದಂತಾಯಿತು.

ಕೈಕೆಲಸದ ಯುಗದಲ್ಲಿಯೂ ನಿಸ್ಸಂದೇಹವಾದ ಟಂಕದೋಷಗಳಿವೆ. ರೋಮನ್ ಗಣರಾಜ್ಯದ ಬೆಳ್ಳಿ ನಾಣ್ಯಗಳಲ್ಲಿ ಕೆಲವಕ್ಕೆ ಒಂದು ಬದಿಯಲ್ಲಿ ಉಬ್ಬಿದ ತಲೆ, ಇನ್ನೊಂದು ಬದಿಯಲ್ಲಿ ಅದೇ ತಲೆಯ ತಗ್ಗಾದ ಕನ್ನಡಿ ಬಿಂಬ ಇರುತ್ತದೆ. ಹಿಂದಿನ ನಾಣ್ಯವು ಮೇಲಿನ ಅಚ್ಚಿಗೆ ಅಂಟಿಕೊಂಡಿದ್ದುದನ್ನು ಗಮನಿಸದೆ ಕೆಲಸಗಾರನು ಮತ್ತೊಂದು ಬಿಲ್ಲೆಯನ್ನಿಟ್ಟು ಹೊಡೆದಾಗ, ಅಂಟಿಕೊಂಡ ನಾಣ್ಯವೇ ಅಚ್ಚಿನ ಕೆಲಸ ಮಾಡಿ ಈ ಬಗೆಯ ಮುದ್ರೆ ಮೂಡುತ್ತದೆ. ಇದಕ್ಕೆ ಬ್ರೋಕೇಜ್ ಎಂದು ಹೆಸರು.

ಆದರೂ ದೋಷವೆಂಬ ಕಲ್ಪನೆಗೆ ಇಂದಿನ ಖಚಿತ ರೂಪ ಬಂದದ್ದು ಏಕರೂಪತೆ ಸಾಧ್ಯವಾದ ಬಳಿಕ. ಮ್ಯಾಥ್ಯೂ ಬೋಲ್ಟನ್ 1780ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿ ಉಗಿಯಂತ್ರದಿಂದ ನಾಣ್ಯ ಒತ್ತಿಸತೊಡಗಿದನು. ಬಿಲ್ಲೆಯ ಸುತ್ತ ಕಾಲರ್ ಎಂಬ ಉಕ್ಕಿನ ಬಳೆಯನ್ನು ಇರಿಸಿ ಲೋಹ ಹೊರಕ್ಕೆ ಹರಡದಂತೆ ತಡೆಯುವ ಕ್ರಮವೂ ನೆಲೆಗೊಂಡು, ಪ್ರತಿ ನಾಣ್ಯವೂ ಒಂದೇ ಅಳತೆಗೆ ಬಂದಿತು. 1829ರಲ್ಲಿ ಕಲ್ಕತ್ತೆಯ ಹೊಸ ಟಂಕಸಾಲೆ ಉಗಿಯಂತ್ರಗಳೊಡನೆ ಕೆಲಸ ಆರಂಭಿಸಿತು, 1835ರಲ್ಲಿ ಕಂಪನಿಯ ಆಳ್ವಿಕೆಗೆಲ್ಲ ಒಂದೇ ರೂಪಾಯಿ ಬಂದಿತು. ಸಾವಿರಾರು ನಾಣ್ಯಗಳು ತದ್ರೂಪಾಗಿದ್ದಾಗ ಮಾತ್ರ ತದ್ರೂಪವಲ್ಲದ ಒಂದು ನಾಣ್ಯ ಪ್ರಶ್ನೆಯಾಗುತ್ತದೆ.

ಬಿಲ್ಲೆ, ಅಚ್ಚು, ಹೊಡೆತ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಈ ವಿಷಯಕ್ಕೆ ಒಂದು ವ್ಯವಸ್ಥಿತ ಪಂಥ ರೂಪುಗೊಂಡಿತು. ಅದನ್ನು ಪ್ರಕ್ರಿಯಾವಾದವೆಂದು ಕರೆಯಬಹುದು. ನಾಣ್ಯವು ಬಿಲ್ಲೆ, ಅಚ್ಚು, ಹೊಡೆತ ಎಂಬ ಮೂರು ಅಂಗಗಳಿಂದ ಹುಟ್ಟುವುದರಿಂದ ದೋಷವೂ ಈ ಮೂರರಲ್ಲಿ ಒಂದಕ್ಕೆ ಸೇರಿರಲೇಬೇಕು, ಯಾವ ಹಂತಕ್ಕೂ ಹೊಂದಿಸಲಾಗದ ಗುರುತು ಹಾನಿಯೇ ಸರಿ ಎಂಬುದು ಇದರ ತಿರುಳು. ತಗಡನ್ನು ಕತ್ತರಿಸುವಾಗ ಪಕ್ಕದ ರಂಧ್ರದ ಮೇಲೆ ಹಾಯ್ದು ಬಿಲ್ಲೆಯ ಅಂಚು ಕಳೆದುಕೊಂಡರೆ ಅದು ಬಿಲ್ಲೆಯ ದೋಷ. ಅಚ್ಚು ಬಿರುಕುಬಿಟ್ಟರೆ, ಸವೆದರೆ, ಗ್ರೀಸ್ ತುಂಬಿ ಅಕ್ಷರ ಮುಚ್ಚಿಹೋದರೆ ಅದು ಅಚ್ಚಿನ ದೋಷ. ಬಿಲ್ಲೆ ಸರಿಯಾದ ಜಾಗದಲ್ಲಿ ಕೂರದೆ ಚಿತ್ರ ಬದಿಗೆ ಸರಿದರೆ ಅಥವಾ ಒಂದೇ ನಾಣ್ಯಕ್ಕೆ ಎರಡು ಏಟು ಬಿದ್ದರೆ ಅದು ಹೊಡೆತದ ದೋಷ. 2005ರ ಕಾನ್ಸಾಸ್ ಕ್ವಾರ್ಟರ್‌ನಲ್ಲಿ ಅಚ್ಚಿನೊಳಗೆ ಸೇರಿದ ಗ್ರೀಸಿನಿಂದ ‘ಟ್ರಸ್ಟ್’ ಎಂಬ ಪದದ ಮೊದಲ ಅಕ್ಷರ ಮೂಡದೆ ‘ರಸ್ಟ್’ ಆದದ್ದು ಪ್ರಸಿದ್ಧ ಉದಾಹರಣೆ.

ಈ ಪಂಥಕ್ಕೆ ಜನಪ್ರಿಯ ಬಲ ತಂದದ್ದು ಫಿಲಡೆಲ್ಫಿಯಾ ಟಂಕಸಾಲೆಯ 1955ರ ಲಿಂಕನ್ ಸೆಂಟ್. ಅಚ್ಚನ್ನು ತಯಾರಿಸುವಾಗ ಉಬ್ಬುಚಿತ್ರವುಳ್ಳ ಮೂಲ ಅಚ್ಚಿನಿಂದ, ಅಂದರೆ ಹಬ್‌ನಿಂದ, ಅದನ್ನು ಒಂದಕ್ಕಿಂತ ಹೆಚ್ಚು ಬಾರಿ ಒತ್ತಬೇಕಾಗುತ್ತಿತ್ತು. ಎರಡನೆಯ ಒತ್ತು ತುಸು ತಿರುಗಿ ಬಿದ್ದುದರಿಂದ ಆ ಒಂದು ಅಚ್ಚಿನಿಂದ ಹೊರಬಂದ ಪ್ರತಿ ನಾಣ್ಯದಲ್ಲಿಯೂ ವರ್ಷ ಮತ್ತು ಬರಹ ಎರಡೆರಡಾಗಿ ಮೂಡಿತು. ಇಂಥ 20,000ಕ್ಕೂ ಹೆಚ್ಚು ನಾಣ್ಯಗಳು ಚಲಾವಣೆಗೆ ಹೋದವೆಂದು ಅಂದಾಜು. ಒಂದೇ ಬಗೆಯ ಜೋಡಿ ಅಕ್ಷರ ಅಷ್ಟೂ ನಾಣ್ಯಗಳಲ್ಲಿ ಪುನರಾವರ್ತನೆಯಾಗುವುದೇ ಅಚ್ಚಿನ ದೋಷದ ಬಲವಾದ ಸಾಕ್ಷ್ಯ, ಏಕೆಂದರೆ ಹಾನಿಯು ಎರಡು ನಾಣ್ಯಗಳಲ್ಲಿ ಎಂದೂ ಒಂದೇ ತೆರನಾಗಿ ಆಗುವುದಿಲ್ಲ.

ಪ್ರಕ್ರಿಯಾವಾದದ ಮಿತಿಯನ್ನೂ ಹೇಳಬೇಕು. ವಿನ್ಯಾಸ ಮತ್ತು ಆಡಳಿತದ ಮಟ್ಟದ ತಪ್ಪುಗಳು ಅದರ ಮೂರು ಮನೆಗಳಲ್ಲಿ ಸುಲಭವಾಗಿ ಕೂರುವುದಿಲ್ಲ. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ರಾಜನ ಉಡುಪಿನ ಮೇಲಿನ ಆನೆಯು ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಎದ್ದು, ನಾಣ್ಯವನ್ನು ಹಿಂತೆಗೆದುಕೊಂಡು 1912ರಲ್ಲಿ ಚಿತ್ರವನ್ನು ತಿದ್ದಬೇಕಾಯಿತು. ಅಲ್ಲಿ ಬಿಲ್ಲೆ, ಅಚ್ಚು, ಹೊಡೆತ ಮೂರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದವು. 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ನಾಣ್ಯದ ವರ್ಷವನ್ನು ಹಿಂಬದಿಯಿಂದ ಮುಂಬದಿಗೆ ಸರಿಸಿದಾಗ, ಹೊಸ ಹಿಂಬದಿಯ ಅಚ್ಚಿಗೆ ಹಳೆಯ ಮುಂಬದಿಯ ಅಚ್ಚು ಜೊತೆಯಾಗಿ ವರ್ಷವೇ ಇಲ್ಲದ ನಾಣ್ಯಗಳು ಹೊರಬಿದ್ದವು.

ಲೋಹ ಕೊಡುವ ಸಾಕ್ಷ್ಯ

ಎರಡನೆಯ ಪಂಥದವರು ಹಂತಗಳ ಪಟ್ಟಿಯಿಂದ ಹೊರಡದೆ ಲೋಹದಿಂದಲೇ ಹೊರಡುತ್ತಾರೆ. ಟನ್ನುಗಟ್ಟಲೆ ಒತ್ತಡದಲ್ಲಿ ಲೋಹವು ಕ್ಷಣಕಾಲ ದ್ರವದಂತೆ ಹರಿದು ಅಚ್ಚಿನ ಕುಳಿಗಳನ್ನು ತುಂಬುತ್ತದೆ, ಆ ಹರಿವು ನಾಣ್ಯದ ಮೇಲ್ಮೈಯಲ್ಲಿ ಕೇಂದ್ರದಿಂದ ಅಂಚಿಗೆ ಸಾಗುವ ಅತಿ ಸೂಕ್ಷ್ಮ ಗೆರೆಗಳನ್ನು ಬಿಡುತ್ತದೆ. ಹೊಸ ನಾಣ್ಯವನ್ನು ಬೆಳಕಿನಲ್ಲಿ ತಿರುಗಿಸಿದಾಗ ಚಕ್ರದ ಅರಗಳಂತೆ ಸುತ್ತುವ ಹೊಳಪು ಈ ಗೆರೆಗಳಿಂದಲೇ ಬರುವುದು. ಹೊಡೆತಕ್ಕೆ ಮೊದಲಿದ್ದ ಅಥವಾ ಹೊಡೆತದ ವೇಳೆಯೇ ಆದ ದೋಷದ ಮೇಲೆ ಈ ಹರಿವು ಸುತ್ತುವರಿದು, ಬಾಗಿ, ಮುಂದುವರಿಯುತ್ತದೆ. ಬಳಿಕ ಆದ ಗಾಯವು ಹೊಳಪನ್ನು ಥಟ್ಟನೆ ತುಂಡರಿಸುತ್ತದೆ, ತೋಡಿದ ಲೋಹ ಗಾಯದ ಬದಿಯಲ್ಲಿ ದಿಬ್ಬವಾಗಿ ನಿಲ್ಲುತ್ತದೆ.

ಇದರಿಂದ ಹುಟ್ಟುವ ಮೊದಲ ನಿಯಮ ಸರಳವಾದರೂ ಬಹಳ ದೂರ ಕೊಂಡೊಯ್ಯುತ್ತದೆ. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬಾಗುವುದರಿಂದ, ಅಚ್ಚಿನ ಬಿರುಕು ಅಥವಾ ಗೀರು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿಯೇ ಕಾಣುತ್ತದೆ. ನಾಣ್ಯದ ಮೇಲೆ ನೇರವಾಗಿ ಬಿದ್ದ ಗೀರು ಮಾತ್ರ ತಗ್ಗಾಗಿರುತ್ತದೆ. ಅಚ್ಚಿನ ಅಂಚು ಮುರಿದು ಬಿದ್ದರೆ ಅಲ್ಲಿ ನಾಣ್ಯದಲ್ಲಿ ಅಂಚಿಗೆ ಅಂಟಿದ ಗಡ್ಡೆಯೊಂದು ಮೂಡುತ್ತದೆ, ಲೋಹವೆಲ್ಲ ಆ ಪೊಳ್ಳಿಗೆ ನುಗ್ಗುವುದರಿಂದ ಹಿಂಬದಿಯ ಅದೇ ಜಾಗದಲ್ಲಿ ಚಿತ್ರ ಕಳಾಹೀನವಾಗುತ್ತದೆ. ಬೆಸುಗೆ ಹಾಕಿ ಅಂಟಿಸಿದ ಗಡ್ಡೆಗೆ ಈ ಹಿಂಬದಿಯ ಸಾಕ್ಷ್ಯ ಇರುವುದಿಲ್ಲ.

ಅಂಚು ಕತ್ತರಿಸಿದ ಬಿಲ್ಲೆಯ ವಿಚಾರದಲ್ಲಿಯೂ ಹೀಗೆಯೇ ಎದುರು ಬದಿಯನ್ನು ನೋಡಬೇಕು. ಬಿಲ್ಲೆಗೆ ಅಂಚಿನ ಏರು ಕೊಡುವ ಯಂತ್ರವು ಅದನ್ನು ಎರಡು ಕಡೆಯಿಂದ ಒತ್ತಿ ಉರುಳಿಸುತ್ತದೆ; ಒಂದು ಕಡೆ ಲೋಹವೇ ಇಲ್ಲದಿದ್ದರೆ ಅದಕ್ಕೆ ನೇರ ಎದುರಿನ ಜಾಗಕ್ಕೂ ಒತ್ತಡ ಸಿಗದೆ ಅಲ್ಲಿನ ಏರು ದುರ್ಬಲವಾಗಿ ಉಳಿಯುತ್ತದೆ. ಬ್ಲೇಕ್ಸ್‌ಲಿ ಪರಿಣಾಮವೆಂದು ಹೆಸರಾದ ಈ ಲಕ್ಷಣ ಎಲ್ಲ ನಿಜವಾದ ದೋಷಗಳಲ್ಲಿಯೂ ಸ್ಪಷ್ಟವಾಗಿ ಕಾಣದಿದ್ದರೂ, ಕಂಡಲ್ಲಿ ಅದರ ಮಾತು ತೂಕದ್ದು. ಇದರ ಜೊತೆಗೆ, ನಿಜವಾದ ಕತ್ತರಿಕೆಯ ಬಳಿಯ ಅಕ್ಷರಗಳು ಕತ್ತರಿಕೆಯತ್ತ ಹರಿದು ಮಸುಕಾಗಿರುತ್ತವೆ. ಮನೆಯಲ್ಲಿ ಕತ್ತರಿಸಿದ ನಾಣ್ಯದ ಅಕ್ಷರಗಳಾದರೋ ಪೂರ್ಣ ಗಾತ್ರದಲ್ಲಿದ್ದು ಗರಗಸದ ಬಾಯಿಗೆ ಸಿಕ್ಕಂತೆ ನಡುವೆ ತುಂಡಾಗಿರುತ್ತವೆ.

ಬ್ರೋಕೇಜ್‌ನ ನಕಲು ಇನ್ನೂ ಸುಲಭವಾಗಿ ಜನರನ್ನು ಮೋಸಗೊಳಿಸುತ್ತದೆ. ಎರಡು ನಾಣ್ಯಗಳನ್ನು ಹಿಡಿಕೆಯಂತ್ರದಲ್ಲಿ ಸೇರಿಸಿ ಬಿಗಿದರೆ ಒಂದರ ಚಿತ್ರ ಇನ್ನೊಂದರ ಮೇಲೆ ಕನ್ನಡಿ ಬಿಂಬವಾಗಿ ಒತ್ತುತ್ತದೆ, ಆದರೆ ಆ ಬಿಂಬದ ಅಡಿಯಲ್ಲಿ ನಾಣ್ಯದ ಮೂಲ ಚಿತ್ರವು ಚಪ್ಪಟೆಯಾಗಿ ಉಳಿದೇ ಇರುತ್ತದೆ. ನಿಜವಾದ ಪೂರ್ಣ ಬ್ರೋಕೇಜ್‌ನ ಆ ಬದಿಗೆ ಅಚ್ಚು ತಗುಲಿಯೇ ಇರುವುದಿಲ್ಲವಾದ್ದರಿಂದ ಅಲ್ಲಿ ಎರಡನೆಯ ಚಿತ್ರದ ಅವಶೇಷವಿರದು. ಬಟ್ಟೆ ಒಣಗಿಸುವ ಯಂತ್ರದಲ್ಲಿ ಸಿಕ್ಕಿ ದಿನಗಟ್ಟಲೆ ಉರುಳಿದ ನಾಣ್ಯಗಳ ಅಂಚು ಒಳಕ್ಕೆ ಮಡಚಿ ದಪ್ಪವಾಗುವುದು, ಆಮ್ಲದಲ್ಲಿ ಇಟ್ಟ ನಾಣ್ಯದ ಅಕ್ಷರಗಳು ಎಲ್ಲ ಕಡೆಯಿಂದಲೂ ಕರಗಿ ಕೃಶವಾಗುವುದು, ಇವನ್ನು ಬಿಲ್ಲೆಯ ದೋಷವೆಂದು ತಂದು ತೋರಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ತೂಕವು ಈ ಪಂಥದ ಅತ್ಯಂತ ಅಗ್ಗದ, ಅತ್ಯಂತ ನಂಬಿಕಸ್ತ ಸಾಧನ. ಅಮೆರಿಕವು ಯುದ್ಧಕಾಲದಲ್ಲಿ ತಾಮ್ರ ಉಳಿಸಲು 1943ರ ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಒತ್ತಿತು. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆಗಳು ಉಳಿದುಕೊಂಡು ಅವೂ 1943ರ ಅಚ್ಚಿಗೆ ಸಿಕ್ಕಿದವು. ಅಂಥವು ಬೆರಳೆಣಿಕೆಯಷ್ಟಿದ್ದರೆ, ತಾಮ್ರದ ಲೇಪ ಹಾಕಿಸಿದ ಉಕ್ಕಿನ ಸೆಂಟುಗಳು ಅಸಂಖ್ಯ. ಕಂಚಿನದು 3.11 ಗ್ರಾಂ ತೂಗುತ್ತದೆ, ಉಕ್ಕಿನದು ಸುಮಾರು 2.7 ಗ್ರಾಂ ತೂಗಿ ಆಯಸ್ಕಾಂತಕ್ಕೆ ಅಂಟುತ್ತದೆ. 1948ರ ಸೆಂಟಿನ 8ನ್ನು ಕೆರೆದು 3 ಮಾಡಿದ ನಕಲಿಗೆ ಮಾತ್ರ ತೂಕ ಸಾಲದು, ಅಂಕಿಯ ಆಕಾರವನ್ನೇ ಭೂತಗನ್ನಡಿಯಲ್ಲಿ ನೋಡಬೇಕಾಗುತ್ತದೆ.

ಟಂಕನ ಮುಗಿಯುವುದು ಎಲ್ಲಿ

ಪಂಥಗಳ ನಡುವಿನ ನಿಜವಾದ ಜಗಳ ಆರಂಭವಾಗುವುದು ಯಂತ್ರಜನ್ಯ ಜೋಡಿತನದ ಬಳಿ. ಅಚ್ಚು ತನ್ನ ಹಿಡಿಕೆಯಲ್ಲಿ ಸ್ವಲ್ಪ ಸಡಿಲವಾಗಿದ್ದರೆ, ಹೊಡೆದು ಹಿಂದೆ ಸರಿಯುವ ಕ್ಷಣದಲ್ಲಿ ಅದು ಅಲುಗಿ ಆಗತಾನೆ ಮೂಡಿದ ಅಕ್ಷರದ ಪಕ್ಕವನ್ನು ಒರೆಸುತ್ತದೆ. ಹೀಗಾದಾಗ ಅಕ್ಷರದ ಬದಿಯಲ್ಲಿ ಮೆಟ್ಟಿಲಿನಂಥ ಚಪ್ಪಟೆ ತಟ್ಟು ಉಂಟಾಗಿ, ಮೂಲ ಅಕ್ಷರ ತನ್ನ ಅಗಲವನ್ನೇ ಕಳೆದುಕೊಳ್ಳುತ್ತದೆ. 1955ರ ಸೆಂಟಿನಂಥ ನಿಜವಾದ ಜೋಡಿ ಅಚ್ಚಿನಲ್ಲಿ ಅಕ್ಷರವು ಅಗಲವಾಗಿ, ತುದಿಗಳಲ್ಲಿ ಕವಲೊಡೆದು, ಎರಡು ಪದರಗಳೂ ದುಂಡಗೆ ಉಬ್ಬಿರುತ್ತವೆ. ಎರಡನ್ನೂ ಬೇರ್ಪಡಿಸುವುದು ಕಲಿತವರಿಗೆ ಕಷ್ಟವಲ್ಲ. ಒರೆಸಿದ ಗುರುತಿಗೆ ಕೊಡಬೇಕಾದ ಹೆಸರಿನ ಬಗ್ಗೆಯೇ ಒಮ್ಮತವಿಲ್ಲ.

ಅಚ್ಚುಗಳ ಕೊನೆಯ ತಾಗುವಿಕೆಯೊಡನೆ ಟಂಕನ ಮುಗಿಯಿತು, ಬಳಿಕ ಟಂಕಸಾಲೆಯ ಗೋಡೆಯೊಳಗೇ ಆದದ್ದೂ ಹಾನಿಯೇ ಎಂಬುದು ಕಟ್ಟುನಿಟ್ಟಿನವರ ನಿಲುವು. ಇನ್ನೊಂದು ಪಕ್ಷದವರು, ನಾಣ್ಯವು ಅಚ್ಚಿನ ಬಾಯಿಂದ ಇನ್ನೂ ಹೊರಬಿದ್ದಿರದಿದ್ದಾಗ, ಆ ಅಚ್ಚೇ ಮಾಡಿದ ಗುರುತನ್ನು ರಸ್ತೆಯ ಗೀರಿನೊಂದಿಗೆ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಹೇಗೆ ನ್ಯಾಯವಾಗುತ್ತದೆಂದು ಕೇಳುತ್ತಾರೆ. ಕಟ್ಟುನಿಟ್ಟಿನ ನಿಲುವಿಗೆ ಒಂದು ದೊಡ್ಡ ಅನುಕೂಲವಿದೆ, ಅದರ ಗೆರೆ ಸ್ಪಷ್ಟ. ಆದರೆ 2007ರಲ್ಲಿ ಆರಂಭವಾದ ಅಮೆರಿಕದ ಅಧ್ಯಕ್ಷೀಯ ಡಾಲರ್ ಆ ಸ್ಪಷ್ಟತೆಯನ್ನು ಕದಡಿತು. ಆ ನಾಣ್ಯದ ವರ್ಷ ಮತ್ತು ಧ್ಯೇಯವಾಕ್ಯಗಳನ್ನು ಬದಿಯ ಮೇಲೆ, ಮುಖಗಳ ಹೊಡೆತ ಮುಗಿದ ನಂತರ, ಬೇರೊಂದು ಯಂತ್ರದಿಂದ ಒತ್ತಲಾಗುತ್ತಿತ್ತು; ಜಾರ್ಜ್ ವಾಷಿಂಗ್ಟನ್ನನ ಅನೇಕ ಡಾಲರುಗಳು ಆ ಯಂತ್ರವನ್ನು ದಾಟದೆಯೇ ಬರಿಯ ಬದಿಯೊಡನೆ ಹೊರಬಂದವು. ಕೊನೆಯ ಹೊಡೆತವೇ ಗಡಿಯಾದರೆ ಇವು ಪೂರ್ಣಗೊಂಡ, ನಿರ್ದೋಷ ನಾಣ್ಯಗಳೆನ್ನಬೇಕಾಗುತ್ತದೆ, ಹಾಗೆಂದು ಹೇಳುವವರು ಯಾರೂ ಇಲ್ಲ. ಆದ್ದರಿಂದ ಗಡಿಯನ್ನು ಹೊಡೆತಕ್ಕೆ ಕಟ್ಟುವುದಕ್ಕಿಂತ, ಆಯಾ ನಾಣ್ಯಕ್ಕೆ ಟಂಕಸಾಲೆ ಉದ್ದೇಶಪೂರ್ವಕವಾಗಿ ಮಾಡುವ ಕೊನೆಯ ಕ್ರಿಯೆಗೆ ಕಟ್ಟುವುದು ಹೆಚ್ಚು ಸಮರ್ಥನೀಯವೆಂದು ತೋರುತ್ತದೆ. ಹೀಗೆ ಕಟ್ಟಿದರೂ ಯಂತ್ರಜನ್ಯ ಜೋಡಿತನದ ವ್ಯಾಜ್ಯ ಪೂರ್ತಿಯಾಗಿ ತೀರುವುದಿಲ್ಲ.

ಉದ್ದೇಶದ ಪ್ರಶ್ನೆ

ಮೂರನೆಯ ವಿಚಾರಧಾರೆ ಗುರುತು ಹೇಗಾಯಿತು ಎಂಬುದರ ಜೊತೆಗೆ ಏಕಾಯಿತು ಎಂದೂ ಕೇಳುತ್ತದೆ. 1937ರ ಡೆನ್ವರ್ ನಿಕಲ್ ನಾಣ್ಯವೊಂದರಲ್ಲಿ ಕಾಡೆಮ್ಮೆಗೆ ಮೂರೇ ಕಾಲುಗಳಿವೆ. ಅಚ್ಚನ್ನು ಅತಿಯಾಗಿ ಉಜ್ಜಿ ನಯಗೊಳಿಸಿದಾಗ ಮುಂಗಾಲೊಂದು ಅಳಿಸಿಹೋಯಿತು. ಬೆಲೆ ಏರಿದೊಡನೆ ಸಾಮಾನ್ಯ ನಾಣ್ಯಗಳ ಕಾಲನ್ನು ಕೆರೆದು ಮಾರುವವರು ಹುಟ್ಟಿಕೊಂಡರು. ಅಸಲಿಯ ಅಚ್ಚನ್ನು ಉಜ್ಜಿದ ಪರಿಣಾಮ ಕಾಲಿಗಷ್ಟೇ ಸೀಮಿತವಾಗದೆ ಇತರ ಭಾಗಗಳಲ್ಲಿಯೂ ಕಾಣುತ್ತದೆ. ಕೆರೆದ ನಾಣ್ಯದಲ್ಲಿ ಕಾಲಿನ ಜಾಗದ ಮೇಲ್ಮೈ ಮಾತ್ರ ಬೇರೆಯಾಗಿರುತ್ತದೆ. ಇಲ್ಲಿ ಉದ್ದೇಶ ವಂಚನೆಯೇ ಆದ್ದರಿಂದ ತೀರ್ಪು ಸುಲಭ.

ಟಂಕಸಾಲೆಯ ಒಳಗಿನ ಕೈ ಬೇಕೆಂದೇ ಮಾಡಿದ ‘ದೋಷ’ದ ವಿಷಯ ಅಷ್ಟು ಸುಲಭವಲ್ಲ. 2004ರ ಕೊನೆಗೆ ಅರಿಜೋನಾದ ಟ್ಯೂಸಾನ್ ಸುತ್ತಮುತ್ತ ಬೆಳಕಿಗೆ ಬಂದ ಡೆನ್ವರ್‌ನ ವಿಸ್ಕಾನ್ಸಿನ್ ಕ್ವಾರ್ಟರ್‌ಗಳಲ್ಲಿ ಜೋಳದ ತೆನೆಗೆ ಒಂದು ಹೆಚ್ಚುವರಿ ಎಲೆ ಇದೆ, ಕೆಲವದರಲ್ಲಿ ಮೇಲ್ಮುಖವಾಗಿ, ಕೆಲವದರಲ್ಲಿ ಕೆಳಮುಖವಾಗಿ. ಎರಡು ಅಚ್ಚುಗಳಲ್ಲಿ ಎಲೆಯನ್ನೇ ಹೋಲುವ ಗೀರು ಅದೇ ಜಾಗದಲ್ಲಿ ಬೀಳುವುದು ಆಕಸ್ಮಿಕವಾಗಲಾರದೆಂದು ಕೆಲವರು, ಉಪಕರಣ ತಾಗಿ ಹಾಗಾಗಿರಬಹುದೆಂದು ಕೆಲವರು ವಾದಿಸುತ್ತಾರೆ. ಭೌತಿಕವಾಗಿ ಎರಡೂ ಅಚ್ಚಿನ ದೋಷಗಳೇ. ಬೇಕೆಂದೇ ಮಾಡಿದ್ದನ್ನು ದೋಷವೆಂದು ಕರೆಯಬಹುದೇ ಎಂಬುದಕ್ಕೆ ಭೂತಗನ್ನಡಿಯಲ್ಲಿ ಉತ್ತರವಿಲ್ಲ.

ಗಾಯವನ್ನೇ ಓದುವವರು

ಇದುವರೆಗೆ ಹೇಳಿದ ಎಲ್ಲ ಪಂಥಗಳೂ ಹಾನಿಯನ್ನು ಕಸವೆಂದು ಪಕ್ಕಕ್ಕೆ ಸರಿಸುತ್ತವೆ. ಭಾರತೀಯ ನಾಣ್ಯಗಳ ಅಧ್ಯಯನವು ಈ ಧೋರಣೆಗೆ ದೊಡ್ಡ ತಿದ್ದುಪಡಿ ತಂದಿದೆ. ಮೊಘಲ್ ಮತ್ತು ಕಂಪನಿ ಕಾಲದ ರೂಪಾಯಿಗಳ ಮೇಲೆ ಶರಾಫರು ಒತ್ತಿದ ಸಣ್ಣ ಗುರುತುಗಳು, ಒಳಗೆ ಬೆಳ್ಳಿಯೇ ಇದೆಯೇ ಎಂದು ತಿಳಿಯಲು ಹಾಕಿದ ಉಳಿಯ ಕಚ್ಚುಗಳು ನಿಸ್ಸಂಶಯವಾಗಿ ಟಂಕನದ ಬಳಿಕ ಆದವು, ಆದರೂ ಆ ನಾಣ್ಯ ಪೇಟೆಯಲ್ಲಿ ಯಾರ ಕೈಗಳಿಂದ ಹಾದುಬಂತು ಎಂಬುದಕ್ಕೆ ಅವೇ ದಾಖಲೆ.

ಈ ದಾರಿಯಲ್ಲಿ ಅತ್ಯಂತ ಧೀರವಾದ ಹೆಜ್ಜೆಯಿಟ್ಟವರು ಗಣಿತಜ್ಞ ದಾಮೋದರ ಧರ್ಮಾನಂದ ಕೋಸಂಬಿ. 1940ರ ದಶಕದ ಆರಂಭದಲ್ಲಿ ಅವರು ತಕ್ಷಶಿಲೆಯ ನಿಧಿಗಳ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ತೂಕಗಳನ್ನು ಸಂಖ್ಯಾಶಾಸ್ತ್ರೀಯವಾಗಿ ವಿಶ್ಲೇಷಿಸಿ, ಹಿಂಬದಿಯ ಸಣ್ಣ ಗುರುತುಗಳು ಹೆಚ್ಚಿದಂತೆ ಸರಾಸರಿ ತೂಕ ಇಳಿಯುವುದನ್ನು ತೋರಿಸಿದರು; ಸವೆತವನ್ನು ಕಾಲದ ಅಳತೆಗೋಲಾಗಿಸಿ ನಾಣ್ಯಗುಂಪುಗಳ ಮುನ್ನ ಹಿನ್ನದ ಕ್ರಮವನ್ನು ಊಹಿಸಿದರು. ಬೇರೆಯವರು ನಾಣ್ಯದ ಸೌಂದರ್ಯಕ್ಕೆ ಕುಂದೆಂದು ಕಂಡದ್ದು ಅವರ ಕೈಯಲ್ಲಿ ಕಾಲಗಣನೆಯ ಸಾಧನವಾಯಿತು. ಸ್ವಚ್ಛ ನಾಣ್ಯವನ್ನಷ್ಟೇ ಆರಿಸಿ ಉಳಿದದ್ದನ್ನು ಕರಗಿಸುವ ಅಭ್ಯಾಸದಿಂದ ನಷ್ಟವಾದ ಜ್ಞಾನ ಎಷ್ಟಿರಬಹುದೆಂಬುದು ಇದನ್ನು ನೋಡಿದಾಗ ಅರಿವಾಗುತ್ತದೆ.

ಇಂದಿನ ಭಾರತದ ಚಿಲ್ಲರೆ

ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾಗಳ ನಾಲ್ಕು ಟಂಕಸಾಲೆಗಳಿಂದ ಬರುವ ನಾಣ್ಯಗಳಲ್ಲಿ ವರ್ಷದ ಕೆಳಗಿನ ಚುಕ್ಕೆ, ನಕ್ಷತ್ರ, ವಜ್ರಾಕೃತಿಗಳು ಟಂಕಸಾಲೆಯ ಚಿಹ್ನೆಗಳು. ಕೋಲ್ಕತ್ತದ್ದಕ್ಕೆ ಚಿಹ್ನೆಯೇ ಇರುವುದಿಲ್ಲ. ಚಿಹ್ನೆ ಇಲ್ಲದಿರುವುದನ್ನು ದೋಷವೆಂದು ಮಾರುವವರೂ ಇದ್ದಾರೆ. 10 ರೂಪಾಯಿ ನಾಣ್ಯದ ಕಥೆಯಂತೂ ಎಲ್ಲರೂ ಕಂಡದ್ದು: ಕಿರಣಗಳ ಸಂಖ್ಯೆ, ರೂಪಾಯಿ ಚಿಹ್ನೆಯ ಇರುವಿಕೆ ಬೇರೆಬೇರೆಯಾಗಿದ್ದುದರಿಂದ ಕರ್ನಾಟಕವೂ ಸೇರಿದಂತೆ ಹಲವು ಕಡೆ ಅಂಗಡಿಯವರೂ ಬಸ್ಸಿನವರೂ ಅದನ್ನು ಖೋಟಾ ಎಂದು ನಿರಾಕರಿಸಿದರು, ತಾನು ಹೊರಡಿಸಿದ 14 ವಿನ್ಯಾಸಗಳೂ ಮಾನ್ಯವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ತಿಳಿಸಬೇಕಾಯಿತು. ಇದೇ ನಾಣ್ಯದ ಎರಡು ಲೋಹಗಳ ರಚನೆ ಹೊಸ ಗೊಂದಲಕ್ಕೂ ದಾರಿ ಮಾಡಿದೆ. ಹೊಡೆತದ ವೇಳೆ ನಡುವಿನ ಬಿಲ್ಲೆ ಸರಿದು ಕೂತಿದ್ದರೆ ಚಿತ್ರವು ಎರಡೂ ಲೋಹಗಳ ಮೇಲೆ ಮುರಿಯದೆ ಹಾಯ್ದಿರುತ್ತದೆ. ನಡುವಿನದನ್ನು ಬಡಿದು ತೆಗೆದು ತಿರುಗಿಸಿ ಸೇರಿಸಿದ್ದರೆ ಸಂದಿಯಲ್ಲಿ ಗೆರೆಗಳು ಕೂಡುವುದಿಲ್ಲ, ಬಳೆಯ ಒಳ ಅಂಚಿನಲ್ಲಿ ಬಡಿದ ಗುರುತೂ ಉಳಿದಿರುತ್ತದೆ.

ಇತ್ಯರ್ಥವಾಗದೆ ಉಳಿದವು

1990ರ ದಶಕದ ಉತ್ತರಾರ್ಧದಿಂದ ಅಮೆರಿಕದ ಟಂಕಸಾಲೆಗಳು ಅಚ್ಚನ್ನು ಹಬ್‌ನಿಂದ ಒಂದೇ ಒತ್ತಿನಲ್ಲಿ ತಯಾರಿಸುವ ಕ್ರಮಕ್ಕೆ ಹೊರಳಿದವು, ಎರಡು ಬಾರಿ ಒತ್ತುವುದೇ ನಿಂತ ಮೇಲೆ ಜೋಡಿ ಅಚ್ಚುಗಳು ಇಲ್ಲವಾಗಬೇಕಿತ್ತು. ಅವು ಇಂದಿಗೂ ಬರುತ್ತಿವೆ, ಹೆಚ್ಚಾಗಿ ಚಿತ್ರದ ನಡುಭಾಗದಲ್ಲಿ. ಒತ್ತುವ ಮೊದಲ ಕ್ಷಣದಲ್ಲಿ ಅಚ್ಚು ಓರೆಯಾಗಿದ್ದು ಬಳಿಕ ನೆಟ್ಟಗೆ ಕೂರುವುದರಿಂದ ಹಾಗಾಗುತ್ತದೆಂಬ ವಿವರಣೆ ಹೆಚ್ಚು ಪ್ರಚಲಿತವಾದರೂ ಅದು ಎಲ್ಲ ಉದಾಹರಣೆಗಳಿಗೂ ಸಾಲುವುದೇ ಎಂಬುದು ತೀರ್ಮಾನವಾಗಿಲ್ಲ. ವಿಸ್ಕಾನ್ಸಿನ್ ಎಲೆಯ ಮೂಲವೂ ಹಾಗೆಯೇ ಉಳಿದಿದೆ. ಯಂತ್ರಜನ್ಯ ಜೋಡಿತನವನ್ನು ಯಾವ ಮನೆಗೆ ಸೇರಿಸಬೇಕೆಂಬುದರಲ್ಲಿ ಕೈಪಿಡಿಗಳೇ ಒಂದಕ್ಕೊಂದು ಒಪ್ಪುವುದಿಲ್ಲ.

ಭಾರತದ ಮಟ್ಟಿಗೆ ಅತಿ ಹಳೆಯ ಪ್ರಶ್ನೆಯೇ ಅತಿ ತೆರೆದದ್ದು. ಕೋಸಂಬಿಯವರು ಎಣಿಸಿದ ಹಿಂಬದಿಯ ಆ ಸಣ್ಣ ಗುರುತುಗಳನ್ನು ಒತ್ತಿದವರು ವರ್ತಕರೋ, ನಾಣ್ಯವನ್ನು ಕಾಲಕಾಲಕ್ಕೆ ಮರುಪರೀಕ್ಷಿಸುತ್ತಿದ್ದ ರಾಜಾಧಿಕಾರಿಗಳೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವರ್ತಕರಾದರೆ ಅವು ಪೇಟೆಯ ಗಾಯಗಳು. ಅರ್ಥಶಾಸ್ತ್ರದ ರೂಪದರ್ಶಕನಂಥ ಅಧಿಕಾರಿಯಾದರೆ, ಕಮ್ಮಟದಿಂದ ಹೊರಬಿದ್ದು ಎಷ್ಟೋ ವರ್ಷಗಳಾದ ನಾಣ್ಯದ ಮೇಲೆ ರಾಜ್ಯವೇ ಮುಂದುವರಿಸಿದ ಕೆಲಸದ ಗುರುತುಗಳಾಗಿ ಅವನ್ನು ಓದಬೇಕಾಗುತ್ತದೆ.